ಅವಧಾನದ ಅಡಿಗೆ



ಮಾರ್ಗಶಿರದ ಎಳ್ಳ ಅಮಾವಾಸ್ಯೆ, ಅದರ ಬೆನ್ನಿಗೆ ಮಕರ ಸಂಕ್ರಮಣ, ಪುಷ್ಯ ಬಹುಳ ಬಿದಿಗೆಯಂದು ಕೊಪ್ಪಳದ ಶ್ರೀ ಗವಿಸಿದ್ಧೇಶ್ವರನ ಮಹಾರಥೋತ್ಸವ. ಹೀಗೆ ನಮ್ಮ ಸೀಮೆಯಲ್ಲಿ ಹಬ್ಬಗಳು ಒಂದರ ಹಿಂದೊಂದು ಬರುವ ಕಾಲದಲ್ಲಿ ಮನೆಮನೆಯ ಒಲೆಗೂ ಬಿಡುವಿರುವುದಿಲ್ಲ. ಈ ಹಬ್ಬದ ಅಡಿಗೆಯು ಕೇವಲ ನಾಲಗೆಗೆ ಸಂಬಂಧಿಸಿದುದೋ, ಧರ್ಮಕ್ಕೆ ಸಂಬಂಧಿಸಿದುದೋ ಎಂಬುದನ್ನು ಈಗ ವಿಚಾರಿಸೋಣ.

ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದಗಳೆರಡೂ ಸೇರಿವೆ. ಅಂದರೆ ನೀರೂ ಅನ್ನವೂ ನಮ್ಮ ಧರ್ಮದ ಕವಚಗಳೇ ಆಗಿವೆ. ಹೊಲದಿಂದ ಬಂದದ್ದು ಪದಾರ್ಥ; ಅದು ಲಿಂಗಾರ್ಪಿತವಾದಾಗ ಪ್ರಸಾದ. ಷಟ್‌ಸ್ಥಲಗಳಲ್ಲಿ ಮೂರನೆಯದಾದ ಪ್ರಸಾದಿಸ್ಥಲಕ್ಕೆ ಹಿರಿಯರು ಹೇಳಿದ ಭಕ್ತಿಯಾವುದು? ಅವಧಾನಭಕ್ತಿ. ಅವಧಾನವೆಂದರೆ ಎಚ್ಚರ. ಉಣ್ಣುವಾಗ ಮಾತ್ರವಲ್ಲ, ಅಕ್ಕಿಯನ್ನು ಅಳೆಯುವಾಗ, ನೀರನ್ನು ಎರೆಯುವಾಗ, ಒಲೆಯನ್ನು ಹೊತ್ತಿಸುವಾಗ, ಎಲೆಯಲ್ಲಿ ಬಡಿಸುವಾಗಲೂ ಇರಬೇಕಾದ ಎಚ್ಚರವದು. ಪ್ರಸಾದವೆಂದು ಕಣ್ಣಿಗೊತ್ತಿಕೊಂಡುದನ್ನೇ ಅರೆಗಳಿಗೆಯಲ್ಲಿ ತಿಪ್ಪೆಗೆ ಚೆಲ್ಲಿದರೆ, ಮೊದಲು ಮಾಡಿದ ಅರ್ಪಣೆಗೆ ಅರ್ಥವೇನು ಉಳಿಯಿತು?

ಈ ವಿಷಯದಲ್ಲಿ ಆಯ್ದಕ್ಕಿ ಲಕ್ಕಮ್ಮನಿಗಿಂತ ದೊಡ್ಡ ಗುರುವನ್ನು ನಾವು ದೂರದಲ್ಲಿ ಅರಸಬೇಕಿಲ್ಲ. ಆ ದಂಪತಿಗಳು ನಮ್ಮ ನೆರೆಯ ಲಿಂಗಸೂಗೂರು ಸೀಮೆಯ ಅಮರೇಶ್ವರ ಕ್ಷೇತ್ರದವರೆಂದು ಪ್ರತೀತಿಯುಂಟು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನಟ್ಟು ಜಂಗಮಕ್ಕೆ ನೀಡುವುದು ಅವರ ದಾಸೋಹ. ಒಂದು ದಿನ ಆತನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯೇ ಹೊರತು ಭಕ್ತಿಯಲ್ಲವೆಂದು ಬಗೆದ ಆ ತಾಯಿ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿದಳು. ಉದುರಿದ ಅಕ್ಕಿಯೂ ವ್ಯರ್ಥವಾಗಲಾಗದು, ಹೆಚ್ಚಿನ ಅಕ್ಕಿಯೂ ಮನೆ ಸೇರಲಾಗದು: ಈ ಎರಡು ನಿಯಮಗಳಲ್ಲಿ ಹಬ್ಬದ ಅಡಿಗೆಯ ಧರ್ಮವೆಲ್ಲವೂ ಅಡಗಿದೆ.

ಗಂಗಾವತಿಯನ್ನು ಭತ್ತದ ಕಣಜವೆನ್ನುತ್ತಾರೆ. 1953ರಲ್ಲಿ ತುಂಗಭದ್ರೆಯ ಆಣೆಕಟ್ಟಿನಿಂದ ಕಾಲುವೆಗೆ ನೀರು ಹರಿದ ಮೇಲೆ ಬಂದ ಭಾಗ್ಯವಿದು. ಆದರೆ ಒಂದು ಕಿಲೋ ಅಕ್ಕಿ ಬೆಳೆಯಲು ಎರಡು ಸಾವಿರ ಲೀಟರಿಗೂ ಹೆಚ್ಚು ನೀರು ಬೇಕೆಂದು ಕೃಷಿತಜ್ಞರು ಹೇಳುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಆಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋಗಿ ನೀರು ನದಿಯ ಪಾಲಾದಾಗ ನಾವೆಲ್ಲರೂ ಎಷ್ಟು ಮರುಗಿದೆವು! ಆದರೆ ಒಂದು ಬೋಗುಣಿ ಅನ್ನವನ್ನು ಚೆಲ್ಲುವಾಗ ಅದೇ ನೀರು ಹರಿದುಹೋಗುವುದು ನಮ್ಮ ಕಣ್ಣಿಗೆ ಕಾಣುವುದಿಲ್ಲ. 2022ನೆಯ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರವು ವ್ಯರ್ಥವಾಯಿತೆಂದೂ, ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳಲ್ಲಿಯೇ ಆದುದೆಂದೂ ವಿಶ್ವಸಂಸ್ಥೆಯ ವರದಿಯು ಹೇಳುತ್ತದೆ.

ಪರರಿಗೆ ಹೇಳುವ ಮುನ್ನ ನನ್ನ ತಪ್ಪನ್ನು ಒಪ್ಪಿಕೊಳ್ಳಬೇಕು. ಒಂದು ಸಂಕ್ರಮಣದಂದು ಮಕ್ಕಳೊಡನೆ ಪಂಕ್ತಿಯಲ್ಲಿ ಕುಳಿತಿದ್ದೆನು. ಮಾತಿನ ಭರದಲ್ಲಿ ಅನ್ನವನ್ನು ಹೆಚ್ಚಾಗಿ ಹಾಕಿಸಿಕೊಂಡು, ಉಣ್ಣಲಾರದೆ ಎಲೆಯನ್ನು ಮಡಚಿದೆನು. ಪಕ್ಕದಲ್ಲಿದ್ದ ಬಾಲಕನು ನನ್ನ ಎಲೆಯನ್ನೇ ನೋಡುತ್ತ ಮೆಲ್ಲಗೆ, “ಗುರುಗಳ, ಇದು ನಮ್ಮವ್ವ ಹಚ್ಚಿದ ನೆಲ್ಲಿನ ಅಕ್ಕಿ ಇದ್ದರೂ ಇದ್ದೀತ್ರಿ” ಎಂದನು. ಅವನ ತಾಯಿ ಕೆಸರಿನಲ್ಲಿ ಬೆನ್ನು ಬಾಗಿಸಿ ಸಸಿ ನಾಟುವ ಕೂಲಿಯಾಕೆ. ಆತನ ಮಾತಿನಲ್ಲಿ ಆಕ್ಷೇಪಣೆಯಿರಲಿಲ್ಲ. ಆದುದರಿಂದಲೇ ಅದು ಚುಚ್ಚಿತು. ಮಡಚಿದ ಎಲೆಯನ್ನು ಬಿಚ್ಚಿ ಉಂಡೆನು. ಪ್ರಸಾದಿಸ್ಥಲವನ್ನು ಹಲವು ವರ್ಷ ಪಾಠ ಹೇಳಿದವನಿಗೆ ಅದರ ಮೊದಲ ಪಾಠವು ಅಂದು ಆಯಿತು.

“ಹಾಗಾದರೆ ಕೈ ಬಿಗಿಹಿಡಿದು ಬಡಿಸಬೇಕೆ? ದಾಸೋಹಕ್ಕೆ ಕುಂದಲ್ಲವೆ?” ಎಂದು ಕೇಳುವಿರಿ. ಅಲ್ಲ. ಗವಿಮಠದ ಜಾತ್ರೆಯನ್ನು ನೋಡಿರಿ. ಹಳ್ಳಿಹಳ್ಳಿಗಳ ತಾಯಂದಿರು ಮನೆಯಲ್ಲಿಯೇ ಬಡಿದ ಜೋಳದ ರೊಟ್ಟಿಗಳು ಬಂಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತವೆ. ಒಣಗಿದ ಖಡಕ್ ರೊಟ್ಟಿಯು ಬಹುದಿನ ಕೆಡುವುದಿಲ್ಲ. ಇಂದು ಉಳಿದದ್ದು ನಾಳಿನ ಪಂಕ್ತಿಗೆ ಸಲ್ಲುತ್ತದೆ. ಜೋಳ, ಸಜ್ಜೆಗಳು ಮಳೆಯನ್ನೇ ನಂಬಿ ಬೆಳೆಯುವ ಧಾನ್ಯಗಳು. ಲಕ್ಷೋಪಲಕ್ಷ ಜನರಿಗೆ ನೀಡುವ ಔದಾರ್ಯವೂ ಮಿತವೂ ಅಲ್ಲಿ ಜೊತೆಯಾಗಿವೆ. ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಚರಗ ಚೆಲ್ಲುವುದೂ ವ್ಯರ್ಥವಲ್ಲ. ಅದು ಭೂತಾಯಿಗೂ ಹಕ್ಕಿಪಕ್ಷಿಗಳಿಗೂ ತಿಳಿದು ಕೊಟ್ಟ ಹಿಡಿಯನ್ನ. ತಿಳಿದು ಕೊಟ್ಟದ್ದು ದಾಸೋಹ, ಮರೆತು ಚೆಲ್ಲಿದ್ದು ದ್ರೋಹ.

ನಮ್ಮ ಅಜ್ಜಿಯರ ಅಡಿಗೆಮನೆಯಲ್ಲಿ ಈ ಧರ್ಮವು ಹೆಸರಿಲ್ಲದೆಯೇ ನಡೆದಿತ್ತು. ಹೋಳಿಗೆಗೆ ಬೇಳೆ ಬೇಯಿಸಿದ ನೀರೇ ಕಟ್ಟಿನ ಸಾರಾಗುತ್ತಿತ್ತು; ರಾತ್ರಿಯ ಅನ್ನವು ಮುಂಜಾನೆಯ ಒಗ್ಗರಣೆಯನ್ನವಾಗುತ್ತಿತ್ತು; ಅಕ್ಕಿ ತೊಳೆದ ನೀರು, ಕಾಯಿಪಲ್ಲೆಯ ಸಿಪ್ಪೆ ದನದ ಬಾನಿಗೆ ಸೇರುತ್ತಿದ್ದವು. ನಾವಾದರೂ ಹೀಗೆ ಮಾಡತಕ್ಕದ್ದು: ಉಣ್ಣುವವರನ್ನು ಎಣಿಸಿ ಅಕ್ಕಿ ಅಳೆಯುವುದು, ಬೇಳೆಯನ್ನು ಮೊದಲೇ ನೆನೆಯಿಟ್ಟು, ಪಾತ್ರೆಗೆ ಮುಚ್ಚಳವಿಟ್ಟು ಬೇಯಿಸಿ ಉರುವಲು ಉಳಿಸುವುದು, ಆಯಾ ಕಾಲಕ್ಕೆ ನಮ್ಮ ಹೊಲದಲ್ಲಿ ಬಂದ ಬದನೆ, ಅವರೆ, ಪುಂಡಿ, ಶೇಂಗಾ, ಗುರೆಳ್ಳುಗಳಿಂದಲೇ ಹಬ್ಬ ಮಾಡುವುದು, ಮೊದಲು ಸ್ವಲ್ಪ ಬಡಿಸಿ, ಬೇಕೆಂದಾಗ ಮತ್ತೆ ಮತ್ತೆ ಬಡಿಸುವುದು. ಬಾಳೆಯೆಲೆ, ಮುತ್ತುಗದ ಪತ್ರಾವಳಿ ಇರುವಾಗ ಪ್ಲಾಸ್ಟಿಕ್ ತಾಟು, ಲೋಟಗಳೇಕೆ? 2022ರ ಜುಲೈ 1ರಿಂದ ಸರಕಾರವೂ ಅವನ್ನು ನಿಷೇಧಿಸಿದೆ. ಎಲೆಯು ಮಣ್ಣಿಗೆ ಗೊಬ್ಬರವಾಗುವುದು. ಪ್ಲಾಸ್ಟಿಕ್ಕು ಕಾಲುವೆಯ ಬಾಯಿಗೆ ಕಟ್ಟಿಕೊಳ್ಳುವುದು, ಇಲ್ಲವೆ ಬಸವನ ಹೊಟ್ಟೆ ಸೇರುವುದು. ಎತ್ತನ್ನು ಬಸವನೆಂದು ಪೂಜಿಸುವ ನಾವು ಅದಕ್ಕೆ ವಿಷವಿಕ್ಕಬಹುದೆ?

ಆದುದರಿಂದ ಭಕ್ತರೇ, ಈ ಹಬ್ಬದಂದು ಇಷ್ಟಲಿಂಗಕ್ಕೆ ಎಡೆ ತೋರುವ ಮುನ್ನ ಒಂದು ಕ್ಷಣ ನಿಂತು, ಇದು ಯಾರ ಬೆವರು, ಯಾವ ಹೊಳೆಯ ನೀರು ಎಂದು ನೆನೆಯಿರಿ. ಪಂಕ್ತಿ ಎದ್ದ ಮೇಲೆ ಎಲೆಗಳನ್ನು ನೋಡಿರಿ. ಅವು ಬರಿದಾಗಿದ್ದರೆ ನಿಮ್ಮ ಪೂಜೆಯು ಸಂದಿತೆಂದೇ ತಿಳಿಯಿರಿ.