ಇಪ್ಪತ್ತೆಂಟಕ್ಕೆ ಸಿಕ್ಕ ಮಾತು

ಅಮೆರಿಕದ ಟೀವಿಯಲ್ಲಿ ಬಾಸ್ಕೆಟ್‌ಬಾಲ್ ನೋಡುತ್ತಿದ್ದವರಿಗೆ ವೀಕ್ಷಕ ವಿವರಣೆಗಾರ ಬಿಲ್ ವಾಲ್ಟನ್ ಎಂದರೆ ಮುಗಿಯದ ಮಾತು. ಪಂದ್ಯ ನಡೆಯುತ್ತಿರುವಾಗಲೇ ಜ್ವಾಲಾಮುಖಿ, ನದಿ, ಸೈಕಲ್ ಸವಾರಿ, ತಮ್ಮ ಪ್ರೀತಿಯ ಗ್ರೇಟ್‌ಫುಲ್ ಡೆಡ್ ಗಾಯನ ತಂಡ ಎಂದು ಎಲ್ಲೆಲ್ಲೋ ಸುತ್ತಿ ಮತ್ತೆ ಆಟಕ್ಕೆ ಬರುತ್ತಿದ್ದರು. ಈ ಮನುಷ್ಯ ಸ್ವಲ್ಪ ಸುಮ್ಮನಿದ್ದರೆ ಸಾಕಿತ್ತು ಎಂದು ಬೇಸರಪಟ್ಟವರೂ ಉಂಟು. ಆದರೆ ಇದೇ ವಾಲ್ಟನ್ ಅವರಿಗೆ 28 ವರ್ಷವಾಗುವವರೆಗೆ ಎದುರಿಗೆ ಬಂದವರಿಗೆ ‘ಹಲೋ’, ‘ಥ್ಯಾಂಕ್ಯೂ’ ಹೇಳುವುದೂ ದೊಡ್ಡ ಪ್ರಯಾಸವಾಗಿತ್ತು. ಅಷ್ಟು ಉಗ್ಗು.

ಅವರು ಹುಟ್ಟಿದ್ದು 1952ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಪಕ್ಕದ ಲಾ ಮೆಸಾದಲ್ಲಿ. ಹುಡುಗನಿಗೆ ಬಾಸ್ಕೆಟ್‌ಬಾಲ್ ಹುಚ್ಚು ಹಿಡಿಸಿದ್ದು ರೇಡಿಯೊ. ಲಾಸ್ ಏಂಜಲೀಸ್ ಲೇಕರ್ಸ್ ಪಂದ್ಯಗಳಿಗೆ ಚಿಕ್ ಹರ್ನ್ ಹೇಳುತ್ತಿದ್ದ ಪಟಪಟ ವೀಕ್ಷಕ ವಿವರಣೆಯನ್ನು ಕಿವಿಗೊಟ್ಟು ಕೇಳುತ್ತಿದ್ದ. ಮಾತಾಡಲಾಗದ ಹುಡುಗನಿಗೆ ಇನ್ನೊಬ್ಬರ ಮಾತಿನಲ್ಲಿ ಆಟ ಕಾಣುತ್ತಿತ್ತು. ಅಂಗಳಕ್ಕಿಳಿದರೆ ಮಾತೇ ಬೇಕಿರಲಿಲ್ಲ. ಅಲ್ಲಿ ಅವನು ಯಾರಿಗೂ ಕಡಿಮೆಯಿರಲಿಲ್ಲ.

ಮುಂದೆ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ ಜಾನ್ ವುಡನ್ ಎಂಬ ಹಿರಿಯ ಕೋಚ್ ಸಿಕ್ಕರು. ಮೊದಲ ದಿನ ಆ ಗುರು ಕಲಿಸಿದ್ದು ಚೆಂಡು ಎಸೆಯುವುದನ್ನಲ್ಲ, ಕಾಲುಚೀಲ ಹಾಕಿಕೊಳ್ಳುವುದನ್ನು. ಬೆರಳು, ಹಿಮ್ಮಡಿಯ ಕಡೆ ಎಲ್ಲೂ ಸುಕ್ಕು ಉಳಿಯದಂತೆ ಕೈಯಿಂದ ಸವರಿ ಎಳೆದುಕೊಳ್ಳಬೇಕು, ಆಮೇಲೆ ಬೂಟಿನ ಲೇಸನ್ನು ಒಂದೊಂದೇ ತೂತಿನಿಂದ ಬಿಗಿ ಮಾಡುತ್ತ ಬರಬೇಕು. ಸುಕ್ಕಿದ್ದರೆ ಬೊಬ್ಬೆ ಏಳುತ್ತದೆ, ಬೊಬ್ಬೆ ಎದ್ದರೆ ಆಟವಿಲ್ಲ. ದೇಶದ ಅತ್ಯುತ್ತಮ ಹುಡುಗರು ಇದೇನಪ್ಪಾ ಎಂದು ಮುಖ ಮುಖ ನೋಡಿಕೊಂಡರಂತೆ. ಯುಸಿಎಲ್‌ಎ ಸತತ 88 ಪಂದ್ಯ ಗೆದ್ದು ಬರೆದ ದಾಖಲೆಯಲ್ಲಿ ಬಹುಪಾಲು ಇದೇ ಹುಡುಗರದು. 1973ರ ಕಾಲೇಜು ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ವಾಲ್ಟನ್ 22 ಸಲ ಬುಟ್ಟಿಗೆ ಗುರಿಯಿಟ್ಟರು, 21 ಒಳಗೆ ಬಿದ್ದವು. ಆ ರಾತ್ರಿ ಅವರು ಗಳಿಸಿದ್ದು 44 ಅಂಕ. ಅಂಥ ಆಟಗಾರ ವರದಿಗಾರರನ್ನು ಕಂಡರೆ ದೂರ ಸರಿಯುತ್ತಿದ್ದರು. ಜನ ಅದನ್ನು ಸೊಕ್ಕು ಎಂದುಕೊಂಡರು.

ವೃತ್ತಿಪರ ಆಟದಲ್ಲಿ ಪೋರ್ಟ್‌ಲೆಂಡ್ ತಂಡಕ್ಕೆ 1977ರಲ್ಲಿ ಪ್ರಶಸ್ತಿ ತಂದುಕೊಟ್ಟರು, ಮರುವರ್ಷ ಇಡೀ ಲೀಗ್‌ನ ಶ್ರೇಷ್ಠ ಆಟಗಾರ ಎನಿಸಿದರು. ಅಲ್ಲಿಗೆ ಪಾದಗಳು ಕೈಕೊಟ್ಟವು. 1978ರಲ್ಲಿ ನೋವು ಮರೆಸುವ ಇಂಜೆಕ್ಷನ್ ಚುಚ್ಚಿಸಿಕೊಂಡು ಆಡಿದರು. ಆಮೇಲೆ ಎಕ್ಸ್‌ರೇ ತೆಗೆದರೆ ಪಾದದ ಮೂಳೆ ಮುರಿದಿತ್ತು. ಮೂರು ಋತುಗಳು ಪೂರ್ತಿ ಕೈತಪ್ಪಿದವು. ಲೀಗ್‌ನಲ್ಲಿ ಒಂದು ಋತುವಿಗೆ 82 ಪಂದ್ಯ. ಇವರು ತಮ್ಮ ವೃತ್ತಿಜೀವನದಲ್ಲಿ ಆಡಿದ ಲೀಗ್ ಪಂದ್ಯ ಒಟ್ಟು 468, ಆರು ಋತುವಿಗೂ ಸಾಲದು. 1986ರಲ್ಲಿ ಬಾಸ್ಟನ್ ತಂಡದಲ್ಲಿ ಬದಲಿ ಆಟಗಾರನಾಗಿ ಇನ್ನೊಂದು ಪ್ರಶಸ್ತಿ ಗೆದ್ದದ್ದು ಬಿಟ್ಟರೆ ಉಳಿದದ್ದೆಲ್ಲ ಶಸ್ತ್ರಚಿಕಿತ್ಸೆಗಳ ಕತೆ.

ಹೀಗೆ ಗಾಯಾಳುವಾಗಿ ಆಟದಿಂದ ಹೊರಗುಳಿದಿದ್ದ ಕಾಲದಲ್ಲೇ, 28ನೇ ವಯಸ್ಸಿನಲ್ಲಿ, ಒಂದು ಸಮಾರಂಭದಲ್ಲಿ ಮಾರ್ಟಿ ಗ್ಲಿಕ್‌ಮನ್ ಸಿಕ್ಕರು. ಗ್ಲಿಕ್‌ಮನ್ ನ್ಯೂಯಾರ್ಕಿನ ಹೆಸರಾಂತ ರೇಡಿಯೊ ವಿವರಣೆಗಾರ. ಅವರೂ ಒಂದು ಕಾಲದ ಕ್ರೀಡಾಪಟು, ಓಟಗಾರ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ರಿಲೇ ಓಟಕ್ಕೆ ಸಜ್ಜಾಗಿದ್ದ 18ರ ಈ ಯಹೂದಿ ಹುಡುಗನನ್ನು, ಜೊತೆಗೆ ತಂಡದ ಇನ್ನೊಬ್ಬ ಯಹೂದಿ ಓಟಗಾರನನ್ನು ಅಮೆರಿಕದ ಕೋಚ್‌ಗಳೇ ಕೊನೇ ಗಳಿಗೆಯಲ್ಲಿ ಕೈಬಿಟ್ಟಿದ್ದರು. ಗೆಲ್ಲುವ ಓಟ ಕಳೆದುಕೊಳ್ಳುವ ಸಂಕಟ ಏನೆಂದು ಬಲ್ಲ ಮನುಷ್ಯ.

ಅವರು ವಾಲ್ಟನ್‌ರನ್ನು ಪಕ್ಕಕ್ಕೆ ಕರೆದು ಹೇಳಿದ್ದು ಬಹಳ ಸರಳವಾದ ಪಾಠ. ಮಾತು ಹುಟ್ಟಿನಿಂದ ಬರುವ ಭಾಗ್ಯವಲ್ಲ, ಆಟದ ಹಾಗೆ ಅಭ್ಯಾಸದಿಂದ ಕೈವಶವಾಗುವಂಥದ್ದು. ಯೋಚನೆ ಓಡುವುದನ್ನು ನಿಧಾನ ಮಾಡು. ದವಡೆಗೆ ಬಲ ಬರಲು ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಜಗಿ. ದಿನಾ ಗಟ್ಟಿಯಾಗಿ ಓದು. ಯಾವ ಅಕ್ಷರ ತಡೆಯುತ್ತದೋ ಅದನ್ನು ಕನ್ನಡಿ ಮುಂದೆ ನಿಂತು ತಿದ್ದು. ಕಲಿತದ್ದನ್ನು ಮಕ್ಕಳಿಗೆ ಹೇಳಿಕೊಡು. ವಾಲ್ಟನ್ ಅದನ್ನು ಕಾಲುಚೀಲದ ಪಾಠದಷ್ಟೇ ಶ್ರದ್ಧೆಯಿಂದ ಹಿಡಿದರು.

ಇದನ್ನು ಪವಾಡ ಎಂದು ಬರೆಯುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇಲ್ಲಿ ಪವಾಡವೇನಿಲ್ಲ, 6 ಅಡಿ 11 ಇಂಚಿನ ಮನುಷ್ಯ ಕನ್ನಡಿ ಮುಂದೆ ನಿಂತು ಒಂದೇ ಅಕ್ಷರವನ್ನು ಮತ್ತೆ ಮತ್ತೆ ಉಚ್ಚರಿಸಿದ ದುಡಿಮೆ ಇದೆ. ಆಟ ಬಿಟ್ಟ ಮೇಲೆ ವಾಲ್ಟನ್ ಟೀವಿ ವಿವರಣೆಗಾರರಾದರು. ಆ ದುಡಿಮೆಗೆ 1991ರಲ್ಲಿ ಟೀವಿ ಲೋಕದ ಎಮ್ಮಿ ಪ್ರಶಸ್ತಿ ಬಂತು. ಎನ್‌ಬಿಸಿ, ಇಎಸ್‌ಪಿಎನ್ ವಾಹಿನಿಗಳಲ್ಲಿ ಮನೆಮಾತಾದರು. ಅವರ ಮಾತು ಅತಿಯಾಯಿತು ಎಂದವರಿಗೆ ನನ್ನ ಉತ್ತರ ಇಷ್ಟೇ: 28 ವರ್ಷ ಗಂಟಲಲ್ಲಿ ಕಟ್ಟಿಕೊಂಡಿದ್ದದ್ದು ಅಳತೆ ಹಾಕಿಕೊಂಡು ಹೊರಬರುವುದಿಲ್ಲ. 2008ರಲ್ಲಿ ಬೆನ್ನುಮೂಳೆ ಕುಸಿದು ಅವರು ನೆಲ ಹಿಡಿದರು. ಸಾಯಬೇಕು ಅನ್ನಿಸುವಷ್ಟು ನೋವಿತ್ತು ಎಂದು ತಾವೇ ಹೇಳಿಕೊಂಡಿದ್ದಾರೆ. ಅದರಿಂದಲೂ ಎದ್ದು ಮತ್ತೆ ಮೈಕ್ ಹಿಡಿದರು. 2024ರ ಮೇ 27ರಂದು, 71ನೇ ವಯಸ್ಸಿನಲ್ಲಿ, ಕ್ಯಾನ್ಸರ್‌ನಿಂದ ತೀರಿಕೊಂಡರು.

ನಮ್ಮ ಶಾಲೆಗಳಲ್ಲಿ ಹಾಜರಿ ಕೂಗುವಾಗ ‘ಎಸ್ ಸಾರ್’ ಎನ್ನಲಾಗದೆ ತುಟಿ ಅದುರಿಸುತ್ತ ನಿಂತ ಮಕ್ಕಳಿದ್ದಾರೆ. ಪಕ್ಕದ ಬೆಂಚಿನ ನಗೆಗೆ ಹೆದರಿ ಉತ್ತರ ಗೊತ್ತಿದ್ದೂ ಕೈಯೆತ್ತದ ಮಕ್ಕಳಿದ್ದಾರೆ. ಮನೆಯಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿ, ದೊಡ್ಡವನಾದರೆ ಸರಿಹೋಗುತ್ತದೆ ಎಂದು ಕಾಯುತ್ತೇವೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1960ರ ದಶಕದಿಂದಲೂ ಇದೆ, ಉಗ್ಗಿಗೆ ಅಲ್ಲಿ ತರಬೇತಿ ಕೊಡುತ್ತಾರೆ. ಮಗುವನ್ನು ಅಲ್ಲಿಗೋ ಹತ್ತಿರದ ವಾಕ್ ತಜ್ಞರಲ್ಲಿಗೋ ಕರೆದೊಯ್ಯಿರಿ. ಮನೆಯಲ್ಲಿ, ತರಗತಿಯಲ್ಲಿ ಮಾಡಬೇಕಾದದ್ದು ಇನ್ನೂ ಒಂದಿದೆ. ಮಗುವಿನ ಮಾತು ತಡೆದಾಗ ಗದರಬೇಡಿ, ಉಳಿದರ್ಧ ಮಾತನ್ನು ನೀವೇ ಮುಗಿಸಿಕೊಡಲೂ ಬೇಡಿ. ಅದು ಹೇಳಿ ಮುಗಿಸುವವರೆಗೆ ಕಾಯಿರಿ.