ಕಾಕಂಬಿಯ ಕಪ್ಪು ಮತ್ತು ಜೈನರ ನಯ

ಶ್ರವಣಬೆಳಗೊಳ ಇರುವ ಚನ್ನರಾಯಪಟ್ಟಣ ತಾಲ್ಲೂಕಿನಲ್ಲೇ, ಶ್ರೀನಿವಾಸಪುರದಲ್ಲಿ, ಹೇಮಾವತಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಇದೆ. ಈ ನೆರೆಹೊರೆ ಆಕಸ್ಮಿಕವಾದರೂ ಜೈನ ತರ್ಕದ ‘ನಯ’ವನ್ನು ವಿವರಿಸಲು ಸಕ್ಕರೆಯ ಪ್ರಯೋಗಶಾಲೆಯಷ್ಟು ಒದಗಿಬರುವ ಜಾಗ ಅಪರೂಪ. ವಸ್ತುವಿನ ಅನೇಕ ಧರ್ಮಗಳಲ್ಲಿ ಒಂದನ್ನು ಹಿಡಿದು, ಉಳಿದವನ್ನು ಅಲ್ಲಗಳೆಯದೆ ಪಡೆಯುವ ಅರಿವು ನಯ. ಆ ಒಂದೇ ಇಡೀ ವಸ್ತುವೆಂದು ಸಾಧಿಸಿದರೆ ಅದು ನಯಾಭಾಸ. ಅಳತೆಯ ಅತಿ ಕಠಿಣ ದೋಷಗಳು ಕೈತಪ್ಪಿನಿಂದಲ್ಲ, ನಯಾಭಾಸದಿಂದ ಹುಟ್ಟುತ್ತವೆ ಎಂಬುದು ನನ್ನ ವಾದ.

ಕಬ್ಬಿನ ಹಾಲಿನ ಬ್ರಿಕ್ಸ್ (ಕರಗಿದ ಸಕ್ಕರೆಯ ಶೇಕಡಾವಾರು ತೂಕ) ನೋಡುವ ರಿಫ್ರಾಕ್ಟೋಮೀಟರ್ ಅಳೆಯುವುದು ಸಕ್ಕರೆಯನ್ನಲ್ಲ, ವಕ್ರೀಭವನ ಸೂಚ್ಯಂಕವನ್ನು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನದು 1.333, ತೂಕದಲ್ಲಿ ಶೇ. 15ರಷ್ಟು ಸಕ್ಕರೆ ಕರಗಿದರೆ ಸುಮಾರು 1.356. ಪಟ್ಟಕದ ಮೇಲೆ ಒಂದು ಕೋನ ದಾಟಿದೊಡನೆ ಬೆಳಕು ಪೂರ್ತಿ ಪ್ರತಿಫಲಿಸುತ್ತದೆ. ಆ ಬೆಳಕು-ನೆರಳಿನ ಗಡಿಯೇ ಸೂಚ್ಯಂಕವನ್ನು ಹೇಳುತ್ತದೆ. ಇದರ ಹಿಂದೆ ಒಂದು ನಂಬಿಕೆಯಿದೆ: ದ್ರವ ಬೆಳಕನ್ನು ಬಾಗಿಸುತ್ತದೆ, ನುಂಗುವುದಿಲ್ಲ. ನುಂಗುವ ವಸ್ತುವಿನಲ್ಲಿ ಪ್ರತಿಫಲನ ಎಂದೂ ಪೂರ್ಣವಾಗುವುದಿಲ್ಲ, ಗಡಿ ಮಸುಕಾಗುತ್ತದೆ. ಹೀರಿಕೆ ತೀವ್ರವಾದಲ್ಲಿ ಗಡಿಯೆಂದು ಗುರುತಿಸುವ ಬಿಂದುವೇ ನಿಜವಾದ ಕೋನದಿಂದ ಸರಿಯುತ್ತದೆ. ಅಂಥ ವಸ್ತುವಿಗೆ ಒಂದು ಸಂಖ್ಯೆ ಸಾಲದು. ಬಾಗಿಸುವುದಕ್ಕೊಂದು, ಹೀರುವುದಕ್ಕೊಂದು ಬೇಕು. ನೂರು ಸಲ ಅಳೆದು ಸರಾಸರಿ ತೆಗೆದರೂ ಅದೇ ತಪ್ಪು ಇನ್ನಷ್ಟು ದೃಢವಾಗಿ ಕಾಣುತ್ತದೆ, ಅಷ್ಟೆ.

ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕವಾದ ಕಾಕಂಬಿ ಹೀಗೆ ಬೆಳಕನ್ನು ನುಂಗುವ ದ್ರವ. ಅದಕ್ಕೆ ನೀರು ಬೆರೆಸಿ ತಿಳಿಗೊಳಿಸಿದರೆ ಆಯಿತಲ್ಲ ಎನ್ನಬಹುದು. ಬಣ್ಣದ ತೊಡಕು ತಗ್ಗುತ್ತದೆ, ನಿಜ. ಆದರೆ ಎಷ್ಟು ಪಟ್ಟು ತಿಳಿಗೊಳಿಸಿದೆವೋ ಉಪಕರಣದ ಓದಿಕೆಯ ತಪ್ಪೂ ಅಷ್ಟೇ ಪಟ್ಟು ಹಿಗ್ಗುತ್ತದೆ. ಇನ್ನೊಂದು ತೊಡಕು ಬಣ್ಣಕ್ಕಿಂತ ಆಳದ್ದು: ಕಾಕಂಬಿಯ ಲವಣಗಳೂ ಬೆಳಕನ್ನು ಬಾಗಿಸುತ್ತವೆ, ಉಪಕರಣ ಅವನ್ನೂ ಸಕ್ಕರೆಯೆಂದೇ ಎಣಿಸುತ್ತದೆ. ಅದಕ್ಕಾಗಿಯೇ ರಸಾಯನಜ್ಞರು ಧ್ರುವೀಕೃತ ಬೆಳಕಿನ ತಿರುಗುವಿಕೆಯಿಂದ ‘ಪೋಲ್’ ಅಳೆದು, ಅದನ್ನು ಬ್ರಿಕ್ಸ್‌ನಿಂದ ಭಾಗಿಸಿ ಶುದ್ಧತೆ ಕಾಣುತ್ತಾರೆ. ಎರಡು ನಯಗಳನ್ನು ಜೋಡಿಸಿದಾಗ ಮಾತ್ರ ಸಿಗುವ ತಿಳಿವು ಅದು.

ಹಾಗಾದರೆ ಎಲ್ಲ ಅಳತೆಯೂ ಸರಿ, ಯಾವುದೂ ತಪ್ಪಲ್ಲ ಎಂದಾಯಿತೆ? ಖಂಡಿತ ಇಲ್ಲ. ನಯ ತನ್ನ ಷರತ್ತಿನೊಳಗೆ ಪೂರ್ತಿ ಸತ್ಯ, ಷರತ್ತು ಮೀರಿದೊಡನೆ ಸುಳ್ಳು. ಆ ಗೆರೆಯನ್ನು ಪರೀಕ್ಷೆಯಿಂದ ತೋರಿಸಬಹುದು. ಕಬ್ಬಿಗೆ ಸರ್ಕಾರ ನಿಗದಿಪಡಿಸುವ ನ್ಯಾಯಯುತ ಮತ್ತು ಲಾಭದಾಯಕ ದರವಾದ ಎಫ್‌ಆರ್‌ಪಿ ಸಕ್ಕರೆ ಇಳುವರಿಗೆ ತಳುಕು ಹಾಕಿಕೊಂಡಿರುವಾಗ, ಅಂಕಿಯ ಜೊತೆಗೆ ಅದನ್ನು ಯಾವ ಷರತ್ತಿನಲ್ಲಿ ಅಳೆದರೆಂದು ಕೇಳುವುದು ಬೆಳೆಗಾರನ ಹಕ್ಕು.