ಮಧ್ಯಮವಾದ ದಾರಿ ಯಾರಿಗೆ ಮಧ್ಯಮ?

ಬೆಟ್ಟ ಕಾಡುಗಳ ಕಾಲುದಾರಿಗಳನ್ನು ಸುಲಭ, ಮಧ್ಯಮ, ಕಠಿಣ ಎಂದು ಮೂರು ವಿಧವಾಗಿ ಎಣಿಸುವದು ಈಗಿನ ವಾಡಿಕೆ. ಕುಕ್ಕೆ ಸುಬ್ರಹ್ಮಣ್ಯದಿಂದ ಅಡವಿಯ ನಡುವೆ 1712 ಮೀಟರು ಎತ್ತರದ ಕುಮಾರಪರ್ವತಕ್ಕೆ ಏರುವ ದಾರಿಯನ್ನು ಕಠಿಣವೆನ್ನುತ್ತಾರೆ. ನಮ್ಮ ಮಸ್ಕಿಯ ದುರ್ಗದಗುಡ್ಡದ ದಾರಿಯಾದರೋ ಅಂಥದಲ್ಲ, ಮಧ್ಯಮವೆಂದರೆ ಸಾಕು. ಆದರೆ ಯಾರಿಗೆ ಮಧ್ಯಮ?

ಒಂದು ದಿನ ಸಿಂಧನೂರಿನ ಕಡೆಯ ಕೆಲವು ಯೌವನಸ್ಥರನ್ನೂ ಒಬ್ಬ ವೃದ್ಧ ತಾಯಿಯನ್ನೂ ನಾವು ಆ ಗುಡ್ಡಕ್ಕೆ ಕರೆದುಕೊಂಡು ಹೋದೆವು. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ನಾಟಿ ಮಾಡಿ ಮಾಡಿ ಆ ತಾಯಿಯ ಮೊಣಕಾಲುಗಳು ಸವೆದಿದ್ದವು. ಯೌವನಸ್ಥರು ಪಂದ್ಯ ಕಟ್ಟಿ ಓಡಿದರು. ನಾವೂ ಅವರಿಗಿಂತ ಹಿಂದಾಗಬಾರದೆಂದು ಅವಸರಪಟ್ಟೆವು. ಮೇಲೆ ನಿಂತು ತಿರುಗಿ ನೋಡಲಾಗಿ, ಆ ತಾಯಿಯು ಅರ್ಧದಾರಿಯಲ್ಲಿ ಬಂಡೆಗೆ ಒರಗಿ ಒಬ್ಬರೇ ಕೂತಿದ್ದರು. ಇಳಿದು ಬಂದು ಕ್ಷಮೆ ಬೇಡಿದಾಗ ಅವರು, "ಅಯ್ಯನವರೇ, ಗುಡ್ಡವೇನೂ ಓಡಿಹೋಗುವದಿಲ್ಲವಲ್ಲಾ, ಇಷ್ಟು ಅವಸರವೇಕೆ?" ಎಂದಷ್ಟೇ ಕೇಳಿದರು. ನಮಗೆ ಉತ್ತರ ದೊರೆಯಲಿಲ್ಲ.

ಯೌವನಸ್ಥರಿಗೆ ಆ ದಾರಿ ಸುಲಭ, ನಮಗೆ ಮಧ್ಯಮ, ಆ ತಾಯಿಗೆ ಕಠಿಣ. ಕಲ್ಲುಗಳು ಅವೇ, ಏರು ಅದೇ. ಆದದರಿಂದ ದಾರಿಯ ಅಳತೆಯು ಕಲ್ಲಿನಲ್ಲಿ ಮಾತ್ರವಲ್ಲ, ನಡೆಯುವವರ ಕಾಲಿನಲ್ಲಿಯೂ ಇದೆ. ಹೀಗಿರಲಾಗಿ, ಮೊದಲು ತಲುಪಿದವನು ಹೆಚ್ಚಿನವನೆಂದು ಹೇಗೆ ಹೇಳೋಣ?

ಆ ಗುಡ್ಡದ ಬಂಡೆಯೇ ಈ ವಿಷಯದಲ್ಲಿ ಸಾಕ್ಷಿ ಹೇಳುತ್ತದೆ. ಅಲ್ಲಿರುವ ಅಶೋಕನ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರನು ಕಂಡುಹಿಡಿದನು. ದೇವಾನಾಂಪ್ರಿಯ ಎಂಬ ಬಿರುದಿನ ಸಂಗಡ ಅಶೋಕನ ಹೆಸರೂ ಅದರಲ್ಲಿ ಇದ್ದದರಿಂದ ಆ ಬಿರುದಿನ ಅರಸನು ಇವನೇ ಎಂಬದು ಸ್ಥಿರವಾಯಿತು. ಪಂಡಿತರು ಇದನ್ನು ಬಹಳವಾಗಿ ಕೊಂಡಾಡುತ್ತಾರೆ. ನಮಗಾದರೋ ಅದರ ಉಪದೇಶವು ಇನ್ನೂ ದೊಡ್ಡದು. ಈ ಗುರಿಯನ್ನು ದೊಡ್ಡವರೇ ಮುಟ್ಟುವರೆಂದು ಎಣಿಸಬಾರದು, ಧರ್ಮದಲ್ಲಿ ನಿಂತ ಚಿಕ್ಕವನೂ ಮುಟ್ಟಬಲ್ಲನು ಎಂಬದೇ ಅದರ ಸಾರ. ಇದೇ ಶಾಸನದ ಬ್ರಹ್ಮಗಿರಿಯ ಪ್ರತಿಯಲ್ಲಿ, ತಾನು ಮೊದಲು ಒಂದು ವರುಷ ಚೆನ್ನಾಗಿ ಪ್ರಯತ್ನಪಡಲಿಲ್ಲವೆಂದು ಅರಸನು ಒಪ್ಪಿಕೊಂಡಿದ್ದಾನೆ. ಚಕ್ರವರ್ತಿಯೂ ನಿಧಾನವಾಗಿಯೇ ನಡೆಯತೊಡಗಿದನು!

ಹಾಗಾದರೆ ಬಲವುಳ್ಳವನು ತನ್ನ ಬಲವನ್ನು ಅಡಗಿಸಬೇಕೋ ಎಂದು ಯಾರಾದರೂ ಕೇಳಾರು. ಹಾಗಲ್ಲ. ಒಬ್ಬನೇ ಹೋಗುವವನು ತನ್ನ ಶಕ್ತಿಯಿದ್ದಷ್ಟು ಬೇಗ ಹೋಗಲಿ. ಆದರೆ "ಸಂಗಡ ಬಾ" ಎಂದು ಒಬ್ಬರನ್ನು ಕರೆದ ಮೇಲೆ ಆ ಮಾತು ಒಂದು ಸಾಲವಾಗುತ್ತದೆ. ಲಿಂಗಸುಗೂರಿನ ಸಂತೆಗೆ ಮಗುವಿನ ಕೈಹಿಡಿದು ನಡೆಯುವ ತಾಯಿ ತನ್ನ ಹೆಜ್ಜೆಯನ್ನು ಚಿಕ್ಕದು ಮಾಡುತ್ತಾಳೆ. ಆಕೆಯನ್ನು ಬಲಹೀನಳೆಂದು ಯಾರೂ ಅನ್ನುವದಿಲ್ಲ. ಬಲಹೀನನಿಗೂ ಒಂದು ಮಾತುಂಟು: ನಿಧಾನವಾಗಿ ನಡೆಯುವದು ಬೇರೆ, ನಡೆಯದೆ ಕೂತುಬಿಡುವದು ಬೇರೆ.

ಮರುವರುಷ ನಾವು ಆ ತಾಯಿಯನ್ನು ಮುಂದೆ ಬಿಟ್ಟು ಹಿಂದೆ ನಡೆದೆವು. ಮೂರು ಕಡೆ ಕೂತೆವು. ಬಿಸಿಲೇರಿದ ಮೇಲೆ ತಲುಪಿದೆವು. ಆದರೆ ಎಲ್ಲರೂ ತಲುಪಿದೆವು.